ಕಾಪಿಟ್ಟ ನೀರು

ಮದ್ದೂರಿನ ನಮ್ಮ ಬೀದಿಯಲ್ಲಿ ಒಮ್ಮೆ ಒಂಬತ್ತು ದಿನ ನಲ್ಲಿ ಬರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಬಂದು, ಕೊಡ ಹಿಡಿದು ಬೋರ್‌ವೆಲ್ ಇದ್ದವರ ಮನೆ ಬಾಗಿಲು ತಟ್ಟುತ್ತಿದ್ದೆ. ಇನ್ನೊಂದು ಸಲ ಹೀಗಾಗಬಾರದೆಂದು ಹೋಟೆಲಿನವರಿಂದ ಅಡುಗೆ ಎಣ್ಣೆಯ ಖಾಲಿ ಕ್ಯಾನು ಐದು ತಂದು, ಸೋಪಿನಲ್ಲಿ ತೊಳೆದು, ನೀರು ತುಂಬಿ ತಾರಸಿಯ ಮೇಲಿಟ್ಟೆ. ಆಮೇಲೆ ಅವುಗಳ ಕಡೆ ನೋಡಲಿಲ್ಲ. ಮುಚ್ಚಿಟ್ಟ ನೀರು ಕೆಡುವುದುಂಟೇ ಎಂದುಕೊಂಡಿದ್ದೆ.

ಮರುವರ್ಷ ಮಳೆಗಾಲದಲ್ಲಿ ಶಿಂಷಾ ಉಕ್ಕಿ, ನೀರೆತ್ತುವ ಪಂಪುಗಳೇ ಮುಳುಗಿದವು. ಮತ್ತೆ ನಲ್ಲಿ ನಿಂತಿತು. ಮೂರನೆಯ ಸಂಜೆ ಪಕ್ಕದ ಮನೆಯ ಅಕ್ಕ ಬಿಂದಿಗೆ ಹಿಡಿದು ಬಂದರು. ಹೆರಿಗೆಗೆ ಬಂದಿದ್ದ ಅವರ ಮಗಳು ಐದು ತಿಂಗಳ ಕೂಸಿನೊಂದಿಗೆ ಇನ್ನೂ ತವರಲ್ಲೇ ಇದ್ದಳು.

“ಒಂದು ಬಿಂದ್ಗೆ ನೀರಿದ್ರೆ ಕೊಡವ್ವ. ಹಾಲು ಕುಡ್ಸೋ ಮಗಳು, ಬಾಯಾರ್ಕೆ ತಡೀನಾರೆ ಅಂತವ್ಳೆ.”

“ಬೇಕಾದಷ್ಟು ಇದೆ ಅಕ್ಕ,” ಅಂದೆ. ಹೇಳುವಾಗ ಹೆಮ್ಮೆಯೇ ಆಯಿತು. ಕರೆಂಟು ಇರಲಿಲ್ಲ, ಮೋಡ ಮುಚ್ಚಿತ್ತು. ಹಂಡೆಯ ನೀರಲ್ಲೇ ದಿನ ದೂಡಿದ್ದರಿಂದ ಅಲ್ಲಿಯವರೆಗೆ ಮುಟ್ಟಿರದ ಕ್ಯಾನೊಂದನ್ನು ತಾರಸಿಯಿಂದ ಇಳಿಸಿ, ಆ ಮಬ್ಬಿನಲ್ಲೇ ಬಗ್ಗಿಸಿಕೊಟ್ಟೆ. ಕುದಿಸಿ ಕುಡಿಯಿರಿ ಎನ್ನಲಿಲ್ಲ.

ಬೆಳಿಗ್ಗೆ ಅದೇ ಕ್ಯಾನಿನಿಂದ ಸ್ಟೀಲಿನ ಪಾತ್ರೆಗೆ ಬಗ್ಗಿಸಿದಾಗ ಹಸಿರು ಚೂರುಗಳು ತೇಲಿದವು. ಕ್ಯಾನಿನ ಒಳಗೆ ಬೆರಳಾಡಿಸಿದರೆ ಲೋಳೆ. ಪಾತ್ರೆಯನ್ನು ಅಲ್ಲೇ ಬಿಟ್ಟು ಅಕ್ಕನ ಮನೆಗೆ ಓಡಿದೆ.

ಮಗಳು ಬಚ್ಚಲ ಬಾಗಿಲಲ್ಲಿ ಕುಸಿದು ಕೂತಿದ್ದಳು. ವಾಂತಿ, ಭೇದಿ ಎರಡೂ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಯಾವ ನೀರು ಕುಡಿದದ್ದು ಎಂದು ಡಾಕ್ಟರು ಕೇಳಿದರು. ಅಕ್ಕ ತಲೆ ತಗ್ಗಿಸಿ ಕೂಸಿನ ಬಟ್ಟೆ ಸರಿಮಾಡತೊಡಗಿದರು.

“ನಾನು ಕೊಟ್ಟದ್ದು,” ಎಂದು ಎಲ್ಲ ಹೇಳಿದೆ.

“ಎಣ್ಣೆ ಕ್ಯಾನಲ್ಲಿ, ಬಿಸಿಲಲ್ಲಿ, ಒಂದು ವರ್ಷವಾ ಮೇಡಂ?” ಅಂದರು.

ಡ್ರಿಪ್ ಹಾಕುವಾಗ ಅಕ್ಕ ಮಗಳನ್ನು ಹಿಡಿದುಕೊಳ್ಳಬೇಕಿತ್ತು. ಕೂಸನ್ನು ನನ್ನ ಕೈಗೆ ಕೊಟ್ಟರು. ಅದು ಹಸಿದಿತ್ತು. ನನ್ನ ಸೆರಗಿಗೆ ಮುಖ ಉಜ್ಜಿ ಉಜ್ಜಿ ಹುಡುಕಿತು, ಸಿಗದೆ ಕಿರುಚಿತು. ವರಾಂಡದ ಆ ತುದಿಯಿಂದ ಈ ತುದಿಗೆ ನಡೆದೆ. ತಟ್ಟಿದೆ, ಲಾಲಿ ಹೇಳಿದೆ. ಅದಕ್ಕೆ ಬೇಕಾದದ್ದು ನನ್ನಲ್ಲಿರಲಿಲ್ಲ. ಕೊನೆಗೆ ನಾನೂ ಅದರ ಜೊತೆ ಅತ್ತೆ.

ಅಕ್ಕ ಹೊರಗೆ ಬಂದು ನೋಡಿದರು. “ನೀನೇನು ಬೇಕಂತ ಕೊಟ್ಯಾ? ಬುಡವ್ವ, ಅಳಬ್ಯಾಡ,” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರನೆಯ ದಿನ ಹುಡುಗಿ ಎದ್ದು ಕೂತು ಗಂಜಿ ಕುಡಿದಳು, ಕೂಸಿಗೆ ಹಾಲೂಡಿಸಿದಳು.

ಈಗ ಕುಡಿಯುವ ನೀರಿಗೆಂದೇ ಮಾಡಿದ ಹೊಸ ಕ್ಯಾನುಗಳನ್ನು ಬಿಸಿಲು ಬೀಳದ ಕೋಣೆಯಲ್ಲಿಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ನೀರು ಬದಲಿಸುತ್ತೇನೆ, ಕುದಿಸದೆ ಯಾರಿಗೂ ಕೊಡುವುದಿಲ್ಲ. ಆದರೂ ಆ ಹುಡುಗಿ ತವರಿಗೆ ಬಂದು, ನಮ್ಮ ಮನೆಯಲ್ಲಿ ಕೂತು ನೀರು ಕೇಳಿದರೆ, ಲೋಟ ಹಿಡಿದ ಕೈ ಮುಂದೆ ಹೋಗುವುದಿಲ್ಲ.