ಎರಡನೇ ಕೂಗು

ಹೆಬ್ಬೆಯಿಂದಾಚೆ ಕಾಡಿನಲ್ಲಿ ಒಂದು ಸಣ್ಣ ಜಲಪಾತವಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಇನ್ನೂ ನಾಲ್ಕು ಕಾರು ಬಂದು ನಿಂತಿರುತ್ತವೆ. ಆಮೇಲೆ ಅವರು ಬಿಸಾಡಿದ ಚಿಪ್ಸ್ ಪೊಟ್ಟಣ ಹೆಕ್ಕುವವರು ಯಾರು, ಅವರ ತಾತನೇ? ನಾನು ತೀರ್ಥಪ್ಪ, ತರೀಕೆರೆಯಿಂದ ಜೀಪಿನಲ್ಲಿ ಜನರನ್ನು ಅಲ್ಲಿಗೆ ಕರೆದೊಯ್ಯುವವನು. ಬಂದವರನ್ನು ಬೈಯುವವನೂ ನಾನೇ, ಅವರಿಂದ ಅನ್ನ ತಿನ್ನುವವನೂ ನಾನೇ.

ಜೀಪು ನಿಲ್ಲುವಲ್ಲಿ ದ್ಯಾವಮ್ಮನ ಟೀ ಗುಡಿಸಲು. ಅವಳ ಗಂಡ ಚೌಡಪ್ಪ ಬಂದವರ ಕೈಹಿಡಿದು ಹಳ್ಳ ದಾಟಿಸುತ್ತಿದ್ದ. ಮೊದಲೆಲ್ಲ ಅವನು ದೂರದ ಕಾಫಿ ತೋಟದ ಕೂಲಿಗಳ ಲೈನ್ ಮನೆಯಲ್ಲಿ, ಇವಳು ಅಮೃತಾಪುರದಲ್ಲಿ ಕಂಡವರ ಹೊಲದ ಕಳೆ ಕೀಳುತ್ತ. ಹಬ್ಬಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. ಪ್ರವಾಸಿಗಳು ಬರತೊಡಗಿದ ಮೇಲೆಯೇ ಗಂಡ ಹೆಂಡತಿ ದಿನಾ ಜೊತೆಗೆ ಉಂಡದ್ದು. ಮದುವೆ ಯಾವಾಗಲೋ ಆಯಿತು, ಸಂಸಾರ ಶುರುವಾದದ್ದು ಈಗ ಎಂದು ದ್ಯಾವಮ್ಮ ನಗುತ್ತಿದ್ದಳು. ಬಂದವರಿಗೂ ಒಳ್ಳೆಯದಾಗುತ್ತಿತ್ತು, ಸುಳ್ಳು ಹೇಳಬಾರದು. ಹೆಂಡತಿ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಬೀರೂರಿನ ರೈಲ್ವೆ ನೌಕರರೊಬ್ಬರು ಆ ನೀರಿಗೆ ತಲೆಯೊಡ್ಡಿ, ಗಟ್ಟಿಯಾಗಿ ಅತ್ತು, ಹಗುರಾಗಿ ಹೋದದ್ದನ್ನು ನಾನೇ ನೋಡಿದ್ದೇನೆ.

ದ್ಯಾವಮ್ಮ, ಚೌಡಪ್ಪನ ಕಡೆಯವರಲ್ಲಿ ಒಂದು ಕಟ್ಟಳೆ. ಕಾಡಿನಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು. ದೆವ್ವ ಒಂದೇ ಸಲ ಕೂಗುತ್ತದೆ, ಮನುಷ್ಯ ಎರಡನೇ ಸಲವೂ ಕೂಗುತ್ತಾನೆ ಎಂದು ಹಿರಿಯರ ಮಾತು. ಹಾಗಾಗಿ ಚೌಡಪ್ಪ ಟೀ ಬೇಕೆಂದರೂ ಹಳ್ಳದ ಕಡೆಯಿಂದ ‘ದ್ಯಾವೀ’ ಎಂದು ಎರಡು ಸಲ ಕೂಗುತ್ತಿದ್ದ. ಟೀ ಕೇಳುವ ದೆವ್ವ ಎಲ್ಲಾದರೂ ಉಂಟೇನೋ ಎಂದು ನಾನು ಗೇಲಿ ಮಾಡುತ್ತಿದ್ದೆ.

ಹೋದ ಮಳೆಗಾಲದ ಕೊನೆಯಲ್ಲಿ ಅಜ್ಜಂಪುರದ ಬೃಂದಾ ಎಂಬ ಕಾಲೇಜು ಹುಡುಗಿಯನ್ನು ಗೆಳತಿಯರ ಸಮೇತ ಕರೆತಂದಿದ್ದೆ. ಅವರು ಚೌಡಪ್ಪನ ಹಿಂದೆ ಹೋದರು, ನಾನು ಜೀಪಿನಲ್ಲಿ ನಿದ್ದೆಹೋದೆ. ನಮ್ಮ ತಲೆಯ ಮೇಲೆ ಬಿಸಿಲಿತ್ತು; ಗುಡ್ಡದ ನೆತ್ತಿಯಲ್ಲೆಲ್ಲೋ ಮಳೆ ಸುರಿದು ಹಳ್ಳ ಒಮ್ಮೆಲೇ ಕೆಂಪಗೆ ಏರಿತು. ನೀರಿಗೆ ಸಿಕ್ಕ ಬೃಂದಾಳನ್ನು ಚೌಡಪ್ಪ ದಡಕ್ಕೆ ನೂಕಿದ. ತಾನು ಒಂದು ಬೇರಿಗೆ ಜೋತುಬಿದ್ದ. ಹಗ್ಗ ಗುಡಿಸಲಿನಲ್ಲಿತ್ತು. ಹೆಂಡತಿಯನ್ನು ಕೂಗಿದ.

ದ್ಯಾವಮ್ಮನಿಗೆ ಕೇಳಿಸಿತು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಎರಡನೇ ಕೂಗಿಗೆ ಕಾದಳು. ಅದು ಬರಲಿಲ್ಲ.

ಆಮೇಲೆ ಹುಡುಗಿಯೊಬ್ಬಳು ಓಡಿಬಂದು ನನ್ನನ್ನು ಎಬ್ಬಿಸಿದಳು. ಹಗ್ಗ ಹಿಡಿದು ಓಡಿದೆ. ಕೆಳಗಿನ ತಿರುವಿನಲ್ಲಿ ಚೌಡಪ್ಪ ಸಿಕ್ಕಾಗ ಇನ್ನೂ ಉಸಿರಿತ್ತು. ಯಾರ ಫೋನಿಗೂ ಸಿಗ್ನಲ್ ಇಲ್ಲ. ಸಿಗ್ನಲ್ ಇಲ್ಲದ ಜಾಗವೆಂದೇ ಜನ ಆಸೆಪಟ್ಟು ಬರುವುದು, ಅವತ್ತು ಆ ಸುಖಕ್ಕೆ ಬೆಂಕಿ ಹಾಕಬೇಕೆನಿಸಿತು. ತರೀಕೆರೆ ಮುಟ್ಟುವ ಮೊದಲೇ ಚೌಡಪ್ಪ ಒಮ್ಮೆಯೂ ಕಣ್ಣು ತೆರೆಯದೆ ಹೆಂಡತಿಯ ತೊಡೆಯ ಮೇಲೆ ತೀರಿಕೊಂಡ.

ತಿಥಿಯ ದಿನ ಬೃಂದಾ ಬಂದು ದ್ಯಾವಮ್ಮನ ಕಾಲ ಬಳಿ ಕೂತು ಅತ್ತಳು. ಚೌಡಪ್ಪ ತಾತ ನಿಮ್ಮನ್ನು ಒಂದೇ ಸಲ ಕೂಗಿದರು, ಅಷ್ಟರಲ್ಲಿ ನೀರು ಬಾಯಿಗೆ ಬಂತು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಾಪ. ಕೂಗಿದ್ದು ದೆವ್ವವೇ ಇರಬೇಕೆಂದು ಅಲ್ಲಿಯವರೆಗೆ ಗಟ್ಟಿಯಾಗಿ ನಂಬಿಕೊಂಡಿದ್ದ ದ್ಯಾವಮ್ಮ ಆಗ ಎಲ್ಲವನ್ನೂ ನನ್ನ ಬಳಿ ಹೇಳಿಕೊಂಡಳು.

ಈಗಲೂ ಗುಡಿಸಲು ನಡೆಸುತ್ತಾಳೆ. ಬಂದವರು ಮಾರ್ದನಿ ಕೇಳುವ ಆಸೆಗೆ ಬಂಡೆ ಹತ್ತಿ ಒಬ್ಬರು ಇನ್ನೊಬ್ಬರ ಹೆಸರು ಕೂಗುತ್ತಾರೆ. ಯಾರ ಹೆಸರೇ ಇರಲಿ, ಮೊದಲ ಕೂಗಿಗೇ ದ್ಯಾವಮ್ಮ ‘ಓ’ ಎಂದು ಒಲೆ ಬಿಟ್ಟು ಓಡುತ್ತಾಳೆ. ಜನ ನಗುತ್ತಾರೆ.

ಮೊನ್ನೆ ನನಗೆ ತಡೆಯಲಾಗಲಿಲ್ಲ. ಅವರು ಆಟಕ್ಕೆ ಕೂಗಿದರೆ ನೀನ್ಯಾಕೆ ಓಡುತ್ತೀ, ಅವತ್ತು ಓಡಿದ್ದರೂ ಮುಟ್ಟಲು ಆಗುತ್ತಿರಲಿಲ್ಲ ಎಂದು ಗದರಿದೆ.

“ಆಗ್ತಿರ್ಲಿಲ್ಲ ಅಂತ ನಂಗೂ ಗೊತ್ತು ಕಣಪ್ಪ” ಎಂದಳು. “ಓ ಅಂದಿದ್ರೆ ಸಾಕಿತ್ತು. ನಾನು ಬತ್ತಾ ಇದೀನಿ ಅಂತ ತಿಳ್ಕಂಡಾದ್ರೂ ಹೋಗಿರೋರು.”