ಎರಡನೇ ಉಪ್ಪು

ಮ್ಯಾನ್‌ಹಟನ್ನಿನ ಒಂದೇ ಬ್ಯಾಂಕು ನನ್ನನ್ನೂ ಪಕ್ಕದ ಮನೆಯ ಮೈಸೂರಿನವರನ್ನೂ ಒಂದೇ ಶುಕ್ರವಾರ ಕೆಲಸದಿಂದ ತೆಗೆದು ಮನೆಗೆ ಕಳಿಸಿತ್ತು. ನಾನು ರೆಸ್ಯೂಮೆ ಕಳಿಸುತ್ತ ಕೂತೆ. ಅವರು ನ್ಯೂಜರ್ಸಿಯ ತಮ್ಮ ಮನೆಯ ಗ್ಯಾರೇಜಿನಲ್ಲಿ ಜಿಂಕೆ ಚರ್ಮ ಹದಮಾಡತೊಡಗಿದರು. ಬೇಟೆಗಾರರು ಗೋಡೆಗೆ ಹಾಕಿಸುವ ಜಿಂಕೆ ತಲೆಗಳಿಗೆ ಅದು ಬೇಕಿತ್ತು.

"ಅವರ ಮುಖದಲ್ಲಿ ಎಷ್ಟು ಕಳೆ ಬಂದಿದೆ ನೋಡಿ" ಎಂದಳು ನನ್ನ ಹೆಂಡತಿ. ನನಗೆ ಮೈಯೆಲ್ಲ ಉರಿಯಿತು.

ಚರ್ಮ ಮುಟ್ಟುವ ಮುಂಚೆ ಅವರು ಉಂಗುರ ತೆಗೆದು ಅಂಗಿ ಜೇಬಿಗೆ ಹಾಕುತ್ತಿದ್ದರು. ಜಿಂಕೆಯ ಕಿವಿಯ ಹಿಂದಿನ ಕೂದಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು, ಅದು ಕಿತ್ತು ಬರದಿದ್ದರೆ ನಗುತ್ತಿದ್ದರು. "ಚರ್ಮದ ಹತ್ರ ಸುಳ್ಳು ನಡೆಯಲ್ಲ ಕಣ್ರೀ." ದಿನಕ್ಕೆ ಹತ್ತು ಸಲ ಇದೇ ಮಾತು.

ಒಮ್ಮೆ ಪಕ್ಕದ ರಾಜ್ಯದ ಜೆರಿಕೋ ಎಂಬ ಊರಿಗೆ ಮದುವೆಗೆಂದು ಹೊರಟವರು ನನಗೆ ಗ್ಯಾರೇಜಿನ ಕೀ ಕೊಟ್ಟರು. "ನಾಳೆ ಬೆಳಿಗ್ಗೆ ಚರ್ಮದ ಮೇಲಿನ ಒದ್ದೆ ಉಪ್ಪು ಕೊಡವಿ ಹೊಸ ಉಪ್ಪು ಹಾಕ್ಬಿಡಿ. ಇಲ್ದಿದ್ರೆ ಕೂದಲು ಉದುರತ್ತೆ."

ಹೂಂ ಎಂದೆ. ಬೆಳಿಗ್ಗೆ ಗ್ಯಾರೇಜಿಗೆ ಹೋದೆ, ಹೊಸ ಉಪ್ಪಿನ ಚೀಲ ನೋಡಿದೆ, ಬಾಗಿಲು ಹಾಕಿಕೊಂಡು ಬಂದೆ.

ಅವರು ಮರಳಿದ ದಿನ ನಾನು ಕೀ ಕೊಡಲು ಹೋದಾಗ ಆ ಜಿಂಕೆಯನ್ನು ಹೊಡೆದ ಬೇಟೆಗಾರನೂ ಬಂದಿದ್ದ. ಅವರು ಕಿವಿಯ ಹಿಂದೆ ಎಳೆದದ್ದೇ ತಡ, ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಅವರು ಉಪ್ಪಿನ ಚೀಲದ ಕಡೆ ನೋಡಿದರು. ಅದರ ಹೊಲಿಗೆ ಬಿಚ್ಚಿರಲಿಲ್ಲ. ಉಪ್ಪು ಕಡಿಮೆ ಹಾಕಿದ್ದು ತಮ್ಮದೇ ತಪ್ಪು ಎಂದು ಇಂಗ್ಲಿಷಿನಲ್ಲಿ ಅವನ ಕ್ಷಮೆ ಕೇಳಿದರು.

ದಿನಕ್ಕೆ ಹತ್ತು ಸಲ ಹೇಳುವ ಆ ಸುಳ್ಳಿನ ಮಾತನ್ನು ಮಾತ್ರ ನನ್ನೆದುರು ಹೇಳಲಿಲ್ಲ.

ಅವರ ಮೇಲಿನ ಹೊಟ್ಟೆಕಿಚ್ಚು ಅಂದು ಇನ್ನೂ ಹೆಚ್ಚಾಯಿತು. ಕಸುಬನ್ನಾದರೆ ನಾನೂ ಕಲಿಯಬಹುದಿತ್ತು, ಈ ದೊಡ್ಡತನವನ್ನಲ್ಲ.