ಓದದೆ ಬಿಟ್ಟ ಸಾಲು

ಬೆಳುವಾಯಿ ಕಡೆಯ ಒಂದು ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ಚರ್ಚಾಸ್ಪರ್ಧೆಗೆ ವಿಷಯ ಕೊಡುವವನೂ ತೀರ್ಪು ಹೇಳುವವನೂ ನಾನೇ. ಒಂದು ವರ್ಷ ಕೊಟ್ಟ ವಿಷಯ ಹೀಗಿತ್ತು: ಮಣ್ಣು, ನೀರು, ಅದಿರು ಎಲ್ಲ ಇದ್ದು ಯಾರ ತಂಟೆಗೂ ಹೋಗದ ದೇಶಕ್ಕೆ ಬಲವಾದ ಸೈನ್ಯ ಬೇಕೇ? ಬೇಡವೆಂದು ನಾನು ಮೊದಲೇ ನಿಶ್ಚಯಿಸಿದ್ದೆ.

ಬೇಕೆಂದು ವಾದಿಸಿದವನು ಎಂಟನೆಯ ತರಗತಿಯ ಒಬ್ಬನೇ. "ಅಂಗಳದಲ್ಲಿ ಭತ್ತ ಒಣಗಲಿಕ್ಕೆ ಹಾಕಿ ಮನೆಯವರೆಲ್ಲ ಮದುವೆಗೆ ಹೋಗ್ತಾರಾ ಸಾರ್? ಕೋಳಿ ಓಡಿಸಲಿಕ್ಕೆ ಒಬ್ಬರಾದರೂ ಬೇಡವಾ?"

"ನೆರೆಯ ದೇಶದವರು ಕೋಳಿಗಳಲ್ಲ ಮಾರಾಯ," ಎಂದೆ. ತರಗತಿ ನಕ್ಕಿತು. ಬಹುಮಾನ ಇನ್ನೊಬ್ಬನಿಗೆ ಹೋಯಿತು.

ಕೆಲವು ವರ್ಷಗಳ ನಂತರ ಅವನು ಸೈನ್ಯಕ್ಕೆ ಸೇರಿದ. ಅವನ ತಾಯಿಗೆ ಬರುತ್ತಿದ್ದುದು ತುಳು ಮಾತ್ರ, ಓದು ಬರುತ್ತಿರಲಿಲ್ಲ. ಮಗ ಬರೆಯುತ್ತಿದ್ದುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಪತ್ರ ಬಂದಾಗಲೆಲ್ಲ ಅವರು ಶಾಲೆಯ ಜಗಲಿಗೆ ಬರುತ್ತಿದ್ದರು, ನಾನು ಅದನ್ನು ತುಳುವಿನಲ್ಲಿ ಹೇಳುತ್ತಿದ್ದೆ.

ಚೀನಾದ ಗಡಿಯಲ್ಲಿ ಯುದ್ಧ ಶುರುವಾಗುವ ಸ್ವಲ್ಪ ಮೊದಲು ಬಂದ ಪತ್ರದಲ್ಲಿ, "ಇಲ್ಲಿ ಬಹಳ ಚಳಿ ಉಂಟು. ನಮಗಿರುವುದು ಹತ್ತಿಯ ಬಟ್ಟೆ, ಕ್ಯಾನ್‌ವಾಸ್ ಶೂ. ಗುಂಡುಗಳೂ ಹೆಚ್ಚಿಲ್ಲ" ಎಂದಿತ್ತು. ಚಳಿ ಉಂಟಂತೆ ಎಂದಷ್ಟೇ ಹೇಳಿದೆ.

"ಅವನಿಗೆ ಆಟಿಯಲ್ಲೇ ಹಲ್ಲು ಕಟಕಟ ಆಗ್ತದೆ," ಎಂದು ತಾಯಿ ನಕ್ಕರು.

ನಮ್ಮ ಕಡೆ ಚಳಿಯೆಂದರೆ ಆಟಿ ತಿಂಗಳ ಮಳೆಯ ಚಳಿ. ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಮೀಯುವುದು, ಮೆಣಸಿನ ಕಷಾಯ ಕುಡಿಯುವುದು, ಅಲ್ಲಿಗೆ ಮುಗಿಯಿತು. ಮರುವಾರ ಅವರು ಒಂದು ಬಾಟಲಿ ತೆಂಗಿನೆಣ್ಣೆಯನ್ನೂ ಒಂದು ಡಬ್ಬಿ ಕಷಾಯದ ಪುಡಿಯನ್ನೂ ತಂದರು. ಹಿಮದಲ್ಲಿ ಆ ಎಣ್ಣೆ ಕಲ್ಲಾಗುತ್ತದೆ ಎಂದು ಭೂಗೋಳ ಕಲಿಸುವ ನಾನು ಹೇಳಬಹುದಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಪೊಟ್ಟಣವನ್ನು ನಾನೇ ಬಸ್ಸಿನಲ್ಲಿ ಮೂಡುಬಿದಿರೆಗೆ ಒಯ್ದು ಅಂಚೆಗೆ ಕೊಟ್ಟೆ.

ಯುದ್ಧ ನಿಂತ ಮೇಲೆ ಸೈನ್ಯದಿಂದ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಸತ್ತನೆಂದು ಬರೆದಿರಲಿಲ್ಲ, ಕಾಣೆಯಾಗಿದ್ದಾನೆ ಎಂದಿತ್ತು. ಆ ದಿನ ಒಂದಕ್ಷರವನ್ನೂ ಬಿಡದೆ ಹೇಳಿದೆ.

ಅವರು ಅಳಲಿಲ್ಲ. "ದಾರಿ ತಪ್ಪಿರಬೇಕು. ಹುಡುಕಲಿಕ್ಕೆ ಎಷ್ಟು ಜನ ಹೋಗಿದ್ದಾರೆ ಮಾಸ್ಟ್ರೇ?"

"ಅದು ಬರೆದಿಲ್ಲ ಅಕ್ಕ."

"ನಮ್ಮದೊಂದು ದನ ತಪ್ಪಿದಾಗ ಆಚೆಮನೆಯವರೂ ಸೇರಿ ಒಂಬತ್ತು ಜನ ಗುಡ್ಡಕ್ಕೆ ಹೋಗಿದ್ದರು. ಇಷ್ಟು ದೊಡ್ಡ ದೇಶ ಅಲ್ಲವಾ? ಕೇಳಿ ಬರೆಯಿರಿ."

ಅವನಿದ್ದ ಗಡಿಯ ಬೆಟ್ಟಗಳಿಂದ ನಮ್ಮ ಸೈನ್ಯದವರು ಹಿಂದೆ ಸರಿದಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಹುಡುಕಲು ಅಲ್ಲಿ ಯಾರೂ ಇರಲಿಲ್ಲ. ದೊಡ್ಡ ಸೈನ್ಯವಿದ್ದಿದ್ದರೆ ಯುದ್ಧವೇ ಆಗುತ್ತಿರಲಿಲ್ಲವೋ, ಇಂಥ ಇನ್ನಷ್ಟು ಕಾಗದಗಳು ಬರುತ್ತಿದ್ದವೋ, ಇಂದಿಗೂ ನನಗೆ ತಿಳಿಯದು. ಬೇಡವೆಂದು ಎಷ್ಟು ಸುಲಭವಾಗಿ ತೀರ್ಪು ಕೊಟ್ಟಿದ್ದೆ ಎಂಬುದಷ್ಟೇ ಗೊತ್ತು.

ಎಷ್ಟು ಜನರನ್ನು ಕಳುಹಿಸಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಅವರು ಪಕ್ಕದಲ್ಲೇ ನಿಂತಿದ್ದರು. "ಎಡಗಾಲಿನಲ್ಲಿ ಮಚ್ಚೆ ಉಂಟು ಅಂತಲೂ ಬರೆಯಿರಿ. ಅವರಿಗೆ ಗುರುತು ಬೇಕಲ್ಲ."

ಅದನ್ನೂ ಬರೆದೆ.